ಪ್ರಸಾರವಾಗದ ಸುದ್ದಿಯ ಚರಿತ್ರೆ: ಜಾಕ್ಸನ್ ನಗರದ ಡಬ್ಲ್ಯುಎಲ್‌ಬಿಟಿ ದೂರದರ್ಶನ ಕೇಂದ್ರ, 1953–1979

ಸ್ಥಳೀಯ ದೂರದರ್ಶನ ಕೇಂದ್ರವೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಸಾಮಾನ್ಯವಾಗಿ ಒದಗುವ ಆಕರಗಳೆಂದರೆ ಅದು ಬಿತ್ತರಿಸಿದ ಕಾರ್ಯಕ್ರಮಗಳು, ಉಳಿಸಿಕೊಂಡ ಫಿಲ್ಮ್ ಸುರುಳಿಗಳು ಮತ್ತು ಅಲ್ಲಿ ದುಡಿದವರ ನೆನಪುಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ರಾಜಧಾನಿಯಾದ ಜಾಕ್ಸನ್ ನಗರದ ಡಬ್ಲ್ಯುಎಲ್‌ಬಿಟಿ ಕೇಂದ್ರದ ವಿಷಯದಲ್ಲಿ ಇವಿಷ್ಟೇ ಸಾಲವು. 1953ರ ಡಿಸೆಂಬರಿನಲ್ಲಿ ಪ್ರಸಾರ ಆರಂಭಿಸಿದ ಈ ಕೇಂದ್ರ ತನ್ನ ಮೊದಲ ಹದಿನೇಳು ವರ್ಷಗಳಲ್ಲಿ ಯಾವುದನ್ನು ತೆರೆಗೆ ಬಾರದಂತೆ ತಡೆಯಿತು ಎಂಬುದೇ ಅದರ ಚರಿತ್ರೆಯ ಮುಖ್ಯ ಭಾಗವಾಗಿದ್ದು, ಅದನ್ನು ತಿಳಿಯಲು ನ್ಯಾಯಾಲಯದ ಕಡತಗಳ ಮೊರೆಹೋಗಬೇಕಾಗುತ್ತದೆ. ಸುದ್ದಿಯ ಗೈರುಹಾಜರಿಯನ್ನು ವೀಕ್ಷಕರೇ ಕ್ರಮಬದ್ಧವಾಗಿ ದಾಖಲಿಸಿ, ಆ ದಾಖಲೆಯ ಬಲದಿಂದ ನ್ಯಾಯಾಲಯದ ಬಾಗಿಲು ತೆರೆಸಿದ್ದು ಪ್ರಸಾರ ಮಾಧ್ಯಮದ ಚರಿತ್ರೆಯಲ್ಲಿ ಈ ಪ್ರಕರಣಕ್ಕೆ ವಿಶೇಷ ಸ್ಥಾನವನ್ನು ತಂದುಕೊಟ್ಟಿದೆ.

ಕೇಂದ್ರದ ಒಡೆತನ ಲಾಮರ್ ಜೀವವಿಮಾ ಕಂಪನಿಯದಾಗಿತ್ತು. ರಾಷ್ಟ್ರೀಯ ಜಾಲವಾದ ಎನ್‌ಬಿಸಿಯ ಕಾರ್ಯಕ್ರಮಗಳನ್ನು ಪಡೆದು, ಅವುಗಳ ನಡುವೆ ಸ್ಥಳೀಯ ವಾರ್ತೆ, ಚರ್ಚೆ, ಪ್ರಾರ್ಥನೆಗಳನ್ನು ಸೇರಿಸಿ ಮೂರನೆಯ ಚಾನೆಲ್‌ನಲ್ಲಿ ಅದು ಬಿತ್ತರಿಸುತ್ತಿತ್ತು. 1934ರ ಸಂವಹನ ಕಾಯಿದೆಯ ಪ್ರಕಾರ ತರಂಗಾಂತರವು ಕಂಪನಿಯ ಸ್ವತ್ತಲ್ಲ. ಸಾರ್ವಜನಿಕ ಹಿತವನ್ನು ಕಾಯುವ ಷರತ್ತಿನ ಮೇಲೆ ಸಂಯುಕ್ತ ಸಂವಹನ ಆಯೋಗ, ಅಂದರೆ ಎಫ್‌ಸಿಸಿ, ಪರವಾನಗಿ ನೀಡುತ್ತಿತ್ತು ಮತ್ತು ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕಿತ್ತು. ಇದಲ್ಲದೆ, ವಿವಾದಿತ ಸಾರ್ವಜನಿಕ ವಿಷಯಗಳನ್ನು ಪ್ರಸಾರ ಮಾಡುವಾಗ ಭಿನ್ನ ನಿಲುವುಗಳಿಗೂ ಅವಕಾಶ ಕೊಡಬೇಕೆಂಬ ‘ನ್ಯಾಯಪರತೆಯ ಸೂತ್ರ’ 1949ರಿಂದ ಜಾರಿಯಲ್ಲಿತ್ತು. ಡಬ್ಲ್ಯುಎಲ್‌ಬಿಟಿಯ ಪ್ರಧಾನ ಪ್ರಸಾರ ವ್ಯಾಪ್ತಿಯಲ್ಲಿದ್ದ ಜನರಲ್ಲಿ ಸುಮಾರು ಶೇ. 45ರಷ್ಟು ಮಂದಿ ಕಪ್ಪುವರ್ಣೀಯರು. ನಿಯಮಕ್ಕೂ ವಾಸ್ತವಕ್ಕೂ ನಡುವಿನ ಅಂತರವನ್ನು ಅಳೆಯಲು ಈ ಒಂದು ಅಂಕಿ ಸಾಕು.

1955ರಲ್ಲಿ, ವರ್ಣಭೇದದ ಶಾಲೆಗಳ ವಿರುದ್ಧ ವಾದಿಸಿ ಗೆದ್ದಿದ್ದ ವಕೀಲ ಥರ್ಗುಡ್ ಮಾರ್ಷಲ್ ಅವರು ಎನ್‌ಬಿಸಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಜಾಕ್ಸನ್‌ನಲ್ಲಿ ಆ ಭಾಗ ಕಡಿತವಾಗಿ, ತಂತಿ ಸಂಪರ್ಕದ ತೊಂದರೆಗೆ ಕ್ಷಮೆ ಕೋರುವ ಫಲಕ ತೆರೆಯ ಮೇಲೆ ಬಂದಿತು. ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಬಗೆಯ ಫಲಕವನ್ನು ಹಳೆಯ ದೂರದರ್ಶನದ ಕನ್ನಡ ವೀಕ್ಷಕರೂ ಬಲ್ಲರು. ಅಲ್ಲಿ ಅದು ಯಂತ್ರದ ದೋಷವನ್ನು ಹೇಳುತ್ತಿದ್ದರೆ ಜಾಕ್ಸನ್‌ನಲ್ಲಿ ಸಂಪಾದಕೀಯ ನಿರ್ಧಾರವೊಂದನ್ನು ಮುಚ್ಚಿಡುತ್ತಿತ್ತು. ಕೇಂದ್ರದ ವ್ಯವಸ್ಥಾಪಕ ಫ್ರೆಡ್ ಬಿಯರ್ಡ್ ಅವರು ಬಿಳಿಯರ ಪ್ರಾಬಲ್ಯವನ್ನು ಕಾಯಲೆಂದು ಹುಟ್ಟಿದ್ದ ಸಿಟಿಜನ್ಸ್ ಕೌನ್ಸಿಲ್ ಎಂಬ ಸಂಘಟನೆಯ ಸದಸ್ಯರಾಗಿದ್ದರು. ಅದೇ ಧೋರಣೆಯ ಸಾಹಿತ್ಯವನ್ನು ಮಾರುವ ಪುಸ್ತಕದಂಗಡಿಯೊಂದು ಕೇಂದ್ರದ ಆವರಣದಲ್ಲಿಯೇ ನಡೆಯುತ್ತಿತ್ತು. 1957ರಲ್ಲಿ ಬಿಳಿಯರ ಶಾಲೆಗೆ ಕಪ್ಪುವರ್ಣೀಯ ಮಕ್ಕಳ ಪ್ರವೇಶದಿಂದ ಎದ್ದ ಲಿಟ್ಲ್ ರಾಕ್ ಶಾಲಾ ಬಿಕ್ಕಟ್ಟಿನ ಬಗ್ಗೆ ವರ್ಣ ಪ್ರತ್ಯೇಕತಾವಾದಿ ರಾಜಕಾರಣಿಗಳ ಮಾತನ್ನು ಬಿತ್ತರಿಸಿ ಎದುರು ಪಕ್ಷಕ್ಕೆ ಸಮಯ ನಿರಾಕರಿಸಲಾಯಿತೆಂಬ ದೂರು ಆಯೋಗಕ್ಕೆ ಹೋಯಿತು. 1962ರಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ ಅವರು ಅದುವರೆಗೆ ಬಿಳಿಯರದಷ್ಟೇ ಆಗಿದ್ದ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಸೇರುವ ಹೊತ್ತಿನಲ್ಲಿಯೂ ಕೇಂದ್ರವು ಪ್ರತ್ಯೇಕತಾವಾದಿಗಳ ಪಕ್ಷವನ್ನೇ ವಹಿಸಿತೆಂಬ ಆರೋಪ ಬಂದಿತು.

ಈ ಗೋಡೆ ಒಮ್ಮೆ ಬಿರಿದದ್ದು 1963ರ ಮೇ ತಿಂಗಳಲ್ಲಿ. ನಗರದ ಮೇಯರ್ ಆ್ಯಲನ್ ಥಾಂಪ್ಸನ್ ಅವರು ದೂರದರ್ಶನದಲ್ಲಿ ಮಾಡಿದ ಭಾಷಣಕ್ಕೆ ಉತ್ತರಿಸಲು ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕು ಸಂಸ್ಥೆಯ ಕಾರ್ಯದರ್ಶಿ ಮೆಡ್ಗರ್ ಎವರ್ಸ್ ಸಮಯ ಕೇಳಿದರು; ನ್ಯಾಯಪರತೆಯ ಸೂತ್ರದ ಒತ್ತಡದಿಂದ ಅದು ದೊರೆತು, ಮೇ 20ರಂದು ಅವರು ಡಬ್ಲ್ಯುಎಲ್‌ಬಿಟಿಯಲ್ಲಿ ಸುಮಾರು ಹದಿನೇಳು ನಿಮಿಷ ಮಾತನಾಡಿದರು. ಮೂರು ವಾರ ಕಳೆದು, ಜೂನ್ 12ರ ನಡುರಾತ್ರಿ ದಾಟಿದ ಮೇಲೆ ಅವರನ್ನು ಮನೆಯೆದುರೇ ಗುಂಡಿಟ್ಟು ಕೊಲ್ಲಲಾಯಿತು. ಅಂದಿನ ಜಾಕ್ಸನ್‌ನಲ್ಲಿ ಕಪ್ಪುವರ್ಣೀಯ ನಾಯಕನೊಬ್ಬ ತೆರೆಯ ಮೇಲೆ ಮುಖ ತೋರಿಸುವುದೇ ಜೀವವನ್ನು ಒತ್ತೆಯಿಡುವ ಕೆಲಸವಾಗಿತ್ತೆಂಬುದನ್ನು ಮರೆತು ಈ ಕೇಂದ್ರದ ಚರಿತ್ರೆಯನ್ನು ಬರೆಯಲಾಗದು.

ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಕ್ರೈಸ್ತ ಪಂಥದ ಸಂವಹನ ವಿಭಾಗದ ನಿರ್ದೇಶಕ ಎವರೆಟ್ ಪಾರ್ಕರ್ ಪ್ರವೇಶಿಸಿದ್ದು ಈ ಹಂತದಲ್ಲಿ. ಬಿಡಿ ಬಿಡಿ ದೂರುಗಳನ್ನು ಆಯೋಗ ವರ್ಷಗಟ್ಟಲೆ ಬದಿಗಿಡುತ್ತ ಬಂದಿದ್ದುದರಿಂದ ಅವರು ಬೇರೊಂದು ವಿಧಾನವನ್ನು ಹಿಡಿದರು. 1964ರ ಮಾರ್ಚ್ ಮೊದಲ ವಾರ, ಜಾಕ್ಸನ್‌ನ ಕೆಲವು ಸ್ವಯಂಸೇವಕರು ಪ್ರಸಾರದ ಆರಂಭದಿಂದ ಮುಕ್ತಾಯದವರೆಗೆ ಸರದಿಯಲ್ಲಿ ಕುಳಿತು, ಕಂಡದ್ದನ್ನೆಲ್ಲ ಗುರುತು ಹಾಕಿದರು. ಮನೆಯಲ್ಲಿ ದೃಶ್ಯವನ್ನು ಮುದ್ರಿಸಿಕೊಳ್ಳುವ ಯಂತ್ರವಿಲ್ಲದ ಕಾಲವಾದ್ದರಿಂದ ನೋಡುವವರ ಗಮನವೇ ಇಲ್ಲಿ ಪ್ರಮುಖ ಉಪಕರಣವಾಗಿತ್ತು. ಮಿಲ್ಸಾಪ್ಸ್ ಕಾಲೇಜಿನ ರಾಜ್ಯಶಾಸ್ತ್ರದ ಅಧ್ಯಾಪಕ ಗಾರ್ಡನ್ ಹೆಂಡರ್ಸನ್ ಈ ಅಧ್ಯಯನಕ್ಕೆ ನೆರವಾದರು. ಸ್ವಯಂಸೇವಕರ ಸುರಕ್ಷತೆಗಾಗಿ ಅವರ ಹೆಸರುಗಳನ್ನು ಗುಟ್ಟಾಗಿಡಲಾಯಿತು. ಯಾರು ಎಷ್ಟು ಹೊತ್ತು ತೆರೆಯ ಮೇಲಿದ್ದರು, ಯಾವ ವಿಷಯಕ್ಕೆ ಎಷ್ಟು ಸಮಯ ಸಂದಿತು, ಯಾರ ಚರ್ಚಿನ ಪ್ರಾರ್ಥನೆ ಪ್ರಸಾರವಾಯಿತು ಎಂಬುದನ್ನೆಲ್ಲ ಹೀಗೆ ಎಣಿಸಿದಾಗ ಒಂದು ಸಮುದಾಯವೇ ಪ್ರಸಾರದಿಂದ ಬಹುಮಟ್ಟಿಗೆ ಹೊರಗುಳಿದಿರುವುದು ಗೋಚರಿಸಿತು. ಬಿಳಿಯರನ್ನು ಶ್ರೀ, ಶ್ರೀಮತಿ ಎಂದು ಕರೆಯುತ್ತಿದ್ದ ಕೇಂದ್ರವು ಕಪ್ಪುವರ್ಣೀಯರಿಗೆ ಆ ಗೌರವಸೂಚಕಗಳನ್ನು ಬಳಸುತ್ತಿಲ್ಲವೆಂಬುದೂ ಆಕ್ಷೇಪಣೆಗಳಲ್ಲಿ ಸೇರಿತು. ಒಂದು ಪಕ್ಷಪಾತದ ಪ್ರಸಂಗವನ್ನು ಅಪವಾದವೆಂದು ತಳ್ಳಿಹಾಕಬಹುದು, ಆದರೆ ಇಡೀ ವಾರದ ಲೆಕ್ಕವನ್ನು ಹಾಗೆ ತಳ್ಳಿಹಾಕುವುದು ಸುಲಭವಲ್ಲ. ಪಾರ್ಕರ್ ಅವರ ವಿಧಾನದ ನಿಜವಾದ ಸಾಧನೆ ಇದು.

ಈ ದಾಖಲೆಯನ್ನು ಆಧರಿಸಿ ಪಾರ್ಕರ್ ಅವರ ವಿಭಾಗ, ರಾಜ್ಯದ ಎನ್‌ಎಎಸಿಪಿ ಅಧ್ಯಕ್ಷ ಆ್ಯರನ್ ಹೆನ್ರಿ ಮತ್ತು ಜಾಕ್ಸನ್‌ನ ಪಾದ್ರಿ ರಾಬರ್ಟ್ ಎಲ್. ಟಿ. ಸ್ಮಿತ್ ಪರವಾನಗಿಯ ನವೀಕರಣವನ್ನು ವಿರೋಧಿಸಿ ಅರ್ಜಿ ಹಾಕಿದರು. ಹಣಕಾಸಿನ ನಷ್ಟ ಅಥವಾ ತರಂಗಗಳ ತಾಂತ್ರಿಕ ತೊಡಕು ಉಂಟಾದವರಿಗೆ ಮಾತ್ರ ಇಂಥ ವ್ಯವಹಾರದಲ್ಲಿ ಕಕ್ಷಿಯಾಗುವ ಅರ್ಹತೆಯಿದೆ, ವೀಕ್ಷಕರಿಗಿಲ್ಲ ಎಂಬುದು ಆಯೋಗದ ನಿಲುವಾಗಿತ್ತು. 1965ರಲ್ಲಿ ಅದು ವಿಚಾರಣೆಯನ್ನೇ ನಡೆಸದೆ, ಕೆಲವು ಷರತ್ತುಗಳೊಡನೆ ಒಂದು ವರ್ಷದ ಅಲ್ಪಾವಧಿ ನವೀಕರಣ ಕೊಟ್ಟಿತು. 1966ರ ಮಾರ್ಚಿನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಪ್ರಸಾರದ ಗುಣದೋಷಗಳನ್ನು ನೇರವಾಗಿ ಅನುಭವಿಸುವ ವೀಕ್ಷಕ ಸಮುದಾಯದ ಜವಾಬ್ದಾರಿಯುತ ಪ್ರತಿನಿಧಿಗಳಿಗೆ ಕಕ್ಷಿಯಾಗುವ ಹಕ್ಕಿದೆಯೆಂದು ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ತೀರ್ಪು ಸಾರಿತು. ಭಾರತದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಿಗೆ ದಾರಿ ಮಾಡಿಕೊಟ್ಟ 1981ರ ಎಸ್. ಪಿ. ಗುಪ್ತಾ ಪ್ರಕರಣದ ತೀರ್ಪನ್ನೂ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದ 1995ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಬಲ್ಲ ಓದುಗರಿಗೆ ಈ ತರ್ಕ ಅಪರಿಚಿತವಲ್ಲ.

ಹಕ್ಕು ದೊರೆತರೂ ಪುರಾವೆಗೆ ಬೆಲೆ ಸಿಗಲಿಲ್ಲ. 1967ರಲ್ಲಿ ಜಾಕ್ಸನ್‌ನಲ್ಲಿ ನಡೆದ ವಿಚಾರಣೆಯಲ್ಲಿ ಸಾಬೀತಿನ ಹೊಣೆಯನ್ನು ಅರ್ಜಿದಾರರ ಮೇಲೆಯೇ ಹೊರಿಸಲಾಯಿತು. ಕಷ್ಟಪಟ್ಟು ಸಿದ್ಧಪಡಿಸಿದ ವೀಕ್ಷಣಾ ದಾಖಲೆಯನ್ನು ವಿಚಾರಣಾಧಿಕಾರಿ ಕಡೆಗಣಿಸಿದರು. 1968ರಲ್ಲಿ ಆಯೋಗ ಪರವಾನಗಿಯನ್ನು ಪೂರ್ಣ ಮೂರು ವರ್ಷಕ್ಕೆ ನವೀಕರಿಸಿತು. ಪ್ರಕರಣ ಮತ್ತೆ ಮೇಲ್ಮನವಿಗೆ ಬಂದಾಗ, 1969ರ ಜೂನ್‌ನಲ್ಲಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪದವಿಗೆ ತೆರಳುವ ಮುನ್ನ ಬರ್ಗರ್ ಅವರೇ ತೀರ್ಪು ನೀಡಿದರು. ಸಾರ್ವಜನಿಕ ಹಿತಕ್ಕೆ ನೆರವಾಗಲು ಬಂದವರನ್ನು ಆಯೋಗವು ಎದುರಾಳಿಗಳಂತೆ ನಡೆಸಿಕೊಂಡಿದೆ, ವಿಚಾರಣೆಯ ದಾಖಲೆ ಸರಿಪಡಿಸಲಾಗದಷ್ಟು ಕೆಟ್ಟಿದೆ ಎಂದು ಹೇಳಿ ನವೀಕರಣವನ್ನು ರದ್ದುಪಡಿಸಲಾಯಿತು.

1971ರಿಂದ ಕಮ್ಯೂನಿಕೇಷನ್ಸ್ ಇಂಪ್ರೂವ್‌ಮೆಂಟ್ ಎಂಬ, ಬಿಳಿಯರೂ ಕಪ್ಪುವರ್ಣೀಯರೂ ಕೂಡಿದ ಲಾಭರಹಿತ ಸಂಸ್ಥೆ ತಾತ್ಕಾಲಿಕವಾಗಿ ಕೇಂದ್ರವನ್ನು ನಡೆಸಿತು. 1972ರಲ್ಲಿ ಬಾಸ್ಟನ್ನಿನಿಂದ ಬಂದ ವಿಲಿಯಂ ಡಿಲ್ಡೇ ಅದರ ಪ್ರಧಾನ ವ್ಯವಸ್ಥಾಪಕರಾದರು. ರಾಷ್ಟ್ರೀಯ ಜಾಲಕ್ಕೆ ಸೇರಿದ ಅಮೆರಿಕದ ದೂರದರ್ಶನ ಕೇಂದ್ರವೊಂದರಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪುವರ್ಣೀಯರು ಅವರು. ಈ ಅವಧಿಯಲ್ಲಿ ಕೇಂದ್ರದ ವಾರ್ತಾ ವಿಭಾಗ ತಯಾರಿಸಿದ, ಮಿಸಿಸಿಪಿಯ ರಾಜಕೀಯ ಅಧಿಕಾರವನ್ನು ಪರಿಶೀಲಿಸಿದ ಸಾಕ್ಷ್ಯಚಿತ್ರಕ್ಕೆ 1976ರ ಸಾಲಿನ ಪೀಬಡಿ ಪ್ರಶಸ್ತಿ ಸಂದಿತು. ಅಂತಿಮವಾಗಿ 1979ರ ಕೊನೆಗೆ ಪರವಾನಗಿಯು ಶೇ. 51ರಷ್ಟು ಕಪ್ಪುವರ್ಣೀಯರ ಒಡೆತನವಿದ್ದ ಟಿವಿ-3 ಕಂಪನಿಯ ಪಾಲಾಯಿತು; ಹದಿನೈದು ವರ್ಷಗಳ ಹಿಂದೆ ಅರ್ಜಿಗೆ ಸಹಿ ಹಾಕಿದ್ದ ಆ್ಯರನ್ ಹೆನ್ರಿ ಆ ಕಂಪನಿಯ ಅಧ್ಯಕ್ಷರಾಗಿದ್ದರು.

ಈ ಗೆಲುವಿಗೆ ಆಧಾರವಾಗಿದ್ದ ಕಾನೂನಿನ ಚೌಕಟ್ಟು ಮುಂದೆ ಬೇಗನೆ ಸಡಿಲಗೊಂಡಿತು. ದೂರದರ್ಶನ ಪರವಾನಗಿಯ ಅವಧಿ 1981ರಲ್ಲಿ ಐದು ವರ್ಷಕ್ಕೂ 1996ರಲ್ಲಿ ಎಂಟು ವರ್ಷಕ್ಕೂ ಏರಿತು. 1987ರಲ್ಲಿ ಆಯೋಗ ನ್ಯಾಯಪರತೆಯ ಸೂತ್ರವನ್ನು ಕೈಬಿಟ್ಟಿತು. ಹಳೆಯ ಡಬ್ಲ್ಯುಎಲ್‌ಬಿಟಿಯ ಸುದ್ದಿ ಫಿಲ್ಮುಗಳು ಈಗ ಮಿಸಿಸಿಪಿ ರಾಜ್ಯದ ಪತ್ರಾಗಾರದಲ್ಲಿವೆ, ಅವುಗಳಲ್ಲಿ ನಾಗರಿಕ ಹಕ್ಕು ಹೋರಾಟದ ದೃಶ್ಯಗಳೂ ಇವೆ. ಆದರೆ ಕ್ಯಾಮೆರಾ ಸೆರೆಹಿಡಿದದ್ದೆಲ್ಲ ತೆರೆಗೆ ಬಂದಿತೆಂದು ಊಹಿಸುವಂತಿಲ್ಲವಾದ್ದರಿಂದ, ಈ ಸಂಗ್ರಹವನ್ನು ಬಳಸುವ ಸಂಶೋಧಕರು ಪ್ರತಿ ತುಣುಕನ್ನೂ 1964ರ ವೀಕ್ಷಣಾ ವರದಿ ಮತ್ತು ವಿಚಾರಣೆಯ ಸಾಕ್ಷ್ಯಗಳ ಜೊತೆಗಿಟ್ಟು ಓದಬೇಕಾಗುತ್ತದೆ.