ಹನ್ನೊಂದು ಹೆಸರುಗಳ ಜಗಳ: ಎವರ್ಟನ್ ಕ್ಲಬ್ಬಿನ ಹಿಂಬಡ್ತಿ ಭೀತಿ ಮತ್ತು ಆಟಗಾರರ ಆಯ್ಕೆ ಕುರಿತ ಅಭಿಮಾನಿಗಳ ವಾದಗಳು (2021–23)

ಪೀಠಿಕೆ

2023ರ ಮೇ 28ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಎವರ್ಟನ್ ಕ್ಲಬ್ ಬೋರ್ನ್‌ಮತ್ ತಂಡವನ್ನು 1-0ರಿಂದ ಸೋಲಿಸಿತು. 57ನೇ ನಿಮಿಷದಲ್ಲಿ ಆ ಏಕೈಕ ಗೋಲು ಹೊಡೆದವರು ಮಿಡ್‌ಫೀಲ್ಡರ್ ಅಬ್ದುಲಾಯೆ ಡುಕುರೆ. ಅದೇ ದಿನ ಲೆಸ್ಟರ್ ಸಿಟಿ ತನ್ನ ಕೊನೆಯ ಪಂದ್ಯವನ್ನು ಗೆದ್ದು 34 ಅಂಕಕ್ಕೆ ಏರಿತ್ತು. ಎವರ್ಟನ್ ಪಂದ್ಯ ಡ್ರಾ ಆಗಿದ್ದರೆ ಅದಕ್ಕೂ 34 ಅಂಕವೇ ಸಿಗುತ್ತಿತ್ತು, ಗೋಲು ವ್ಯತ್ಯಾಸದಲ್ಲಿ ಹಿಂದಿದ್ದ ಕಾರಣ ಅದು ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯುತ್ತಿತ್ತು. ಡುಕುರೆ ಅವರ ಒಂದು ಒದೆತ 1954ರಿಂದ ತಡೆಯಿಲ್ಲದೆ ಮೊದಲ ದರ್ಜೆಯಲ್ಲಿ ಆಡುತ್ತ ಬಂದ ಕ್ಲಬ್ಬನ್ನು ಉಳಿಸಿತು. ಆ ವರ್ಷದ ಜನವರಿಯವರೆಗೂ ಅದೇ ಡುಕುರೆ ಆರಂಭಿಕ ಹನ್ನೊಂದರಲ್ಲಿ ಕಾಣಿಸುತ್ತಿದ್ದುದೇ ಅಪರೂಪ.

ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂಬ ವಾದ ಫುಟ್‌ಬಾಲ್ ಇರುವಲ್ಲೆಲ್ಲ ನಡೆಯುತ್ತದೆ. ಅದನ್ನು ಹೊತ್ತು ಕಳೆಯುವ ಹರಟೆ ಎಂದು ತಳ್ಳಿಹಾಕುವುದು ಸುಲಭ. ಹಿಂಬಡ್ತಿಯ ಭೀತಿಯಲ್ಲಿರುವ ಕ್ಲಬ್ಬಿನಲ್ಲಿ ಈ ವಾದ ಆಡಳಿತದ ಮೇಲಿನ ವಿಚಾರಣೆಯ ಮೊದಲ ಹಂತವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಪಂದ್ಯಗಳ ಫಲಿತಾಂಶ, ತಂಡದ ಪಟ್ಟಿಗಳು, ಕ್ಲಬ್ಬಿನ ನಿರ್ಧಾರಗಳು, ಬಹಿರಂಗವಾಗಿ ನಡೆದ ಪ್ರತಿಭಟನೆಗಳು ಇದರ ಆಧಾರ. ಇದು ಅಭಿಮಾನಿಗಳ ಅಭಿಪ್ರಾಯಗಳನ್ನು ಎಣಿಸುವ ಸಮೀಕ್ಷೆಯಲ್ಲ, ಅವರ ವಾದಗಳ ಸ್ವರೂಪವನ್ನು ವಿಂಗಡಿಸುವ ಪ್ರಯತ್ನ.

ತಾತ್ವಿಕ ಚೌಕಟ್ಟು

ಸಂಸ್ಥೆಯೊಂದು ಹದಗೆಟ್ಟಾಗ ಅದನ್ನು ನೆಚ್ಚಿಕೊಂಡವರಿಗೆ ಎರಡು ದಾರಿಗಳಿರುತ್ತವೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಾದಿಸಿದರು: ಬಿಟ್ಟುಹೋಗುವುದು, ಇಲ್ಲವೇ ಉಳಿದು ದನಿ ಎತ್ತುವುದು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ನಿಷ್ಠೆ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಫುಟ್‌ಬಾಲ್ ಅಭಿಮಾನಿಗೆ ಮೊದಲನೆಯ ದಾರಿ ಮುಚ್ಚಿದಂತೆಯೇ ಸರಿ. ಎವರ್ಟನ್ ಸೋತಿತೆಂದು ಅದೇ ನಗರದ ಲಿವರ್‌ಪೂಲ್ ಕ್ಲಬ್ಬಿಗೆ ಹೋಗುವ ಎವರ್ಟನ್ ಬೆಂಬಲಿಗನನ್ನು ಊಹಿಸುವುದೂ ಕಷ್ಟ. ನಾವು ಚರ್ಚಿಸುತ್ತಿರುವ ಎರಡು ಋತುಗಳಲ್ಲಿ ತಂಡ ಸೋಲಿನ ಮೇಲೆ ಸೋಲು ಕಂಡರೂ ಗುಡಿಸನ್ ಪಾರ್ಕಿನ ಸುಮಾರು 39 ಸಾವಿರ ಆಸನಗಳು ಬಹುಪಾಲು ತುಂಬಿಯೇ ಇದ್ದವು.

ಸಮಾಜಶಾಸ್ತ್ರಜ್ಞ ರಿಚರ್ಡ್ ಜೂಲಿಯಾನೊಟ್ಟಿ 2002ರಲ್ಲಿ ಫುಟ್‌ಬಾಲ್ ಪ್ರೇಕ್ಷಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಊರು, ಮನೆತನ, ಮೈದಾನಗಳ ಮೂಲಕ ಕ್ಲಬ್ಬಿಗೆ ಅಂಟಿಕೊಂಡ ಬೆಂಬಲಿಗ ಅದರ ಒಂದು ತುದಿ, ಇಷ್ಟ ಬಂದಂತೆ ತಂಡ ಬದಲಿಸುವ ಅಲೆಮಾರಿ ನೋಡುಗ ಇನ್ನೊಂದು ತುದಿ. ಅದಕ್ಕೂ ಹಿಂದೆ, 1971ರಲ್ಲಿ, ಇಯಾನ್ ಟೇಲರ್ ಇಂಗ್ಲೆಂಡಿನ ಕಾರ್ಮಿಕ ವರ್ಗದ ಪ್ರೇಕ್ಷಕರ ಬಗ್ಗೆ ಒಂದು ಮುಖ್ಯ ಮಾತು ಹೇಳಿದ್ದರು. ಕ್ಲಬ್ಬಿನ ಆಗುಹೋಗುಗಳಲ್ಲಿ ತಮಗೂ ಪಾಲಿದೆ ಎಂದು ಆ ಪ್ರೇಕ್ಷಕರು ನಂಬಿದ್ದರು, ಆಟ ಪೂರ್ತಿ ವೃತ್ತಿಯಾಗಿ ಹಣದ ಹಿಡಿತಕ್ಕೆ ಸಿಕ್ಕಂತೆ ಆ ನಂಬಿಕೆ ಒಡೆಯಿತು ಎಂಬುದು ಅವರ ವಾದ. ಇಂದಿನ ಅಭಿಮಾನಿಗೆ ಷೇರಿಲ್ಲ, ಮಂಡಳಿಯಲ್ಲಿ ಮತವಿಲ್ಲ. ಪಂದ್ಯಕ್ಕೆ ಸ್ವಲ್ಪ ಮುಂಚೆ ಹೊರಬೀಳುವ ಹನ್ನೊಂದು ಹೆಸರುಗಳ ಪಟ್ಟಿಯಷ್ಟೇ ಅವನ ತೀರ್ಪಿಗೆ ಸಿಗುವ ದಾಖಲೆ. ಟೇಲರ್ ಹೇಳಿದ ಹಳೆಯ ಪಾಲುದಾರಿಕೆಯಲ್ಲಿ ಉಳಿದಿರುವ ಅಂಶ ಈ ಪಟ್ಟಿಯ ಮೇಲಿನ ಜಗಳದಲ್ಲಿದೆ ಎಂಬುದು ನಮ್ಮ ನಿಲುವು.

ಕೆಳಗಿಳಿಯುವ ನಿಯಮ ಮಾಡುವ ಕೆಲಸ

ಇಂಗ್ಲಿಷ್ ಲೀಗ್‌ನಲ್ಲಿ ತಳದ ತಂಡಗಳು ಅಂಕಗಳ ಆಧಾರದಲ್ಲಿ ತಾವಾಗಿಯೇ ಕೆಳಗಿಳಿಯುವ ಪದ್ಧತಿ 1898-99ರಿಂದ ಇದೆ. ಈಗ 20 ತಂಡಗಳು 38 ಪಂದ್ಯ ಆಡಿದ ಮೇಲೆ ಕೊನೆಯ ಮೂರು ತಂಡಗಳು ಕೆಳದರ್ಜೆಗೆ ಹೋಗುತ್ತವೆ. ಹಾಗೆ ಹೋದ ಕ್ಲಬ್ಬಿನ ಪ್ರಸಾರ ಹಕ್ಕಿನ ಆದಾಯ ಕುಸಿಯುತ್ತದೆ, ಒಳ್ಳೆಯ ಆಟಗಾರರು ಮಾರಾಟವಾಗುತ್ತಾರೆ. ಪೆಟ್ಟು ತಗ್ಗಿಸಲು ಪ್ರೀಮಿಯರ್ ಲೀಗ್ ಕೆಲವು ವರ್ಷ ಪರಿಹಾರದ ಹಣ ಕೊಡುತ್ತದಾದರೂ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ಕನ್ನಡದ ಓದುಗರಿಗೆ ಈ ಭೀತಿಯ ನೇರ ಪರಿಚಯ ಕಡಿಮೆ. ಐಪಿಎಲ್‌ನಲ್ಲಿ ಆರ್‌ಸಿಬಿ 2017ರಲ್ಲಿ ಮತ್ತು 2019ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದರೂ ಮರುವರ್ಷ ಅದೇ ಲೀಗ್‌ನಲ್ಲಿ ಆಡಿತು. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ತನ್ನ ಮೊದಲ ಹತ್ತು ಋತುಗಳನ್ನು ಯಾರನ್ನೂ ಕೆಳಗಿಳಿಸದೆ ಮುಗಿಸಿತು. 2023-24ರಲ್ಲಿ ಬೆಂಗಳೂರು ಎಫ್‌ಸಿ 12 ತಂಡಗಳಲ್ಲಿ 10ನೆಯದಾದರೂ ಕಂಠೀರವ ಕ್ರೀಡಾಂಗಣದ ಅಭಿಮಾನಿ ಎದುರಿಸಬೇಕಾದದ್ದು ಬೇಸರವನ್ನು ಮಾತ್ರ. ಇಂತಹ ಲೀಗ್‌ಗಳಲ್ಲಿ ಆಯ್ಕೆಯ ಚರ್ಚೆ ಮುಂದಿನ ಹರಾಜಿನ, ಮುಂದಿನ ಕಪ್ಪಿನ ಕಡೆಗೆ ಮುಖ ಮಾಡುತ್ತದೆ. ಹಿಂಬಡ್ತಿಯಿರುವ ಲೀಗ್‌ನಲ್ಲಿ ಅದು ಮುಂದಿನ ಶನಿವಾರದ ಪಂದ್ಯದ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಕಾಲಾವಕಾಶ ಇರುವುದಿಲ್ಲ.

ಎವರ್ಟನ್‌ಗೆ ಈ ಭೀತಿ ಹೊಸದಲ್ಲ. 1888ರ ಮೊದಲ ಫುಟ್‌ಬಾಲ್ ಲೀಗ್‌ನ ಸ್ಥಾಪಕ ಸದಸ್ಯನಾದ ಈ ಕ್ಲಬ್ ಒಂಬತ್ತು ಬಾರಿ ಚಾಂಪಿಯನ್ ಆಗಿದೆ, 1930 ಮತ್ತು 1951ರಲ್ಲಿ ಎರಡು ಬಾರಿ ಕೆಳಗೂ ಇಳಿದಿದೆ. 1994ರ ಕೊನೆಯ ಪಂದ್ಯದಲ್ಲಿ ವಿಂಬಲ್ಡನ್ ವಿರುದ್ಧ 0-2ರಿಂದ ಹಿಂದಿದ್ದು 3-2ರಿಂದ ಗೆದ್ದು ಉಳಿಯಿತು. 1998ರಲ್ಲಿ ಬೋಲ್ಟನ್ ಜೊತೆ 40 ಅಂಕಗಳಲ್ಲಿ ಸಮನಾಗಿ, ಗೋಲು ವ್ಯತ್ಯಾಸದಿಂದ ಪಾರಾಯಿತು.

ಎರಡು ಪರಂಪರೆಗಳ ತಿಕ್ಕಾಟ

ಎವರ್ಟನ್ ಅಭಿಮಾನಿಗಳ ವಾದ ಬರಿಯ ಅಂಕಿ ಅಂಶಗಳ ಮೇಲೆ ನಿಲ್ಲುವುದಿಲ್ಲ, ಕ್ಲಬ್ಬಿನ ಇತಿಹಾಸದಿಂದ ಬಂದ ಎರಡು ಅಳತೆಗೋಲುಗಳನ್ನು ಬಳಸುತ್ತದೆ. ಮೊದಲನೆಯದು ಚೆಂಡನ್ನು ಚೆಂದವಾಗಿ ಆಡುವ ಹಳೆಯ ಹಿರಿಮೆ. ಆ ಕಾರಣಕ್ಕೇ ಕ್ಲಬ್ಬಿಗೆ ‘ವಿಜ್ಞಾನ ಶಾಲೆ’ ಎಂಬ ಅಡ್ಡಹೆಸರು ಬಂದಿದೆ. ಎರಡನೆಯದು ಜೋ ರಾಯ್ಲ್ ಕಾಲದ್ದು. 1994ರ ನವೆಂಬರ್‌ನಲ್ಲಿ ತಳದಲ್ಲಿದ್ದ ತಂಡದ ಹೊಣೆ ಹೊತ್ತ ರಾಯ್ಲ್, ಬ್ಯಾರಿ ಹಾರ್ನ್, ಜೋ ಪಾರ್ಕಿನ್ಸನ್, ಜಾನ್ ಎಬ್ರೆಲ್ ಅವರಂಥ ಮೈಮುರಿದು ದುಡಿಯುವ ಮಿಡ್‌ಫೀಲ್ಡರ್‌ಗಳನ್ನು ನೆಚ್ಚಿದರು. ‘ಯುದ್ಧದ ನಾಯಿಗಳು’ ಎಂದು ಹೆಸರಾದ ಆ ತಂಡ ಹಿಂಬಡ್ತಿಯಿಂದ ಪಾರಾದದ್ದಲ್ಲದೆ 1995ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು.

ಋತುವಿನ ಆರಂಭದಲ್ಲಿ ಚರ್ಚೆ ಮೊದಲ ಅಳತೆಗೋಲಿನ ಸುತ್ತ ಇರುತ್ತದೆ: ಯಾರ ಪಾಸ್ ಚೆನ್ನ, ಯಾರು ಸೃಜನಶೀಲ. ಫೆಬ್ರವರಿ ದಾಟಿ ತಂಡ ತಳದ ಐದರಲ್ಲಿ ಸಿಕ್ಕಿಕೊಂಡರೆ ಅಳತೆಗೋಲು ಬದಲಾಗುತ್ತದೆ: ಯಾರು ಓಡುತ್ತಾರೆ, ಯಾರು ಸೋಲನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ಅಭಿಮಾನಿಗಳ ಚಂಚಲತೆ ಎಂದು ಕಾಣುವ ಈ ಬದಲಾವಣೆಯ ಹಿಂದೆ ಕ್ಲಬ್ಬಿನದೇ ಪೂರ್ವನಿದರ್ಶನವಿದೆ.

ಮೂರು ಆಯ್ಕೆ ವಿವಾದಗಳು

ಮೊದಲನೆಯದು ಲೂಕಾ ಡೀನ್ಯ ಪ್ರಕರಣ. ಒಂದು ಕಾಲದ ಲಿವರ್‌ಪೂಲ್ ಮ್ಯಾನೇಜರ್ ರಫಾಯೆಲ್ ಬೆನಿಟೆಜ್ 2021ರ ಜೂನ್‌ನಲ್ಲಿ ಎವರ್ಟನ್‌ಗೆ ಬಂದಾಗಲೇ ಹಲವರಿಗೆ ಸಿಟ್ಟಿತ್ತು. ಎಡ ಅಂಚಿನ ಡಿಫೆಂಡರ್ ಡೀನ್ಯ, ಆಡುವ ವಿಧಾನದ ವಿಷಯದಲ್ಲಿ ಬೆನಿಟೆಜ್ ಜೊತೆ ಮನಸ್ತಾಪವಾಗಿ ತಂಡದಿಂದ ಹೊರಗುಳಿದು 2022ರ ಜನವರಿಯಲ್ಲಿ ಆಸ್ಟನ್ ವಿಲ್ಲಾಕ್ಕೆ ಮಾರಾಟವಾದರು. ಅದಾದ ಕೆಲವೇ ದಿನಗಳಲ್ಲಿ ನಾರ್ವಿಚ್ ವಿರುದ್ಧ 1-2ರ ಸೋಲು ಬಂತು, ಮರುದಿನ ಬೆನಿಟೆಜ್ ಹುದ್ದೆ ಹೋಯಿತು. ಒಳ್ಳೆಯ ಆಟಗಾರ ಹೋದ, ಅವನನ್ನು ಕಳಿಸಿದ ಮ್ಯಾನೇಜರ್ ಕೂಡ ಹೋದ. ಹಾಗಾದರೆ ಮಾರಾಟಕ್ಕೆ ಒಪ್ಪಿಗೆ ಕೊಟ್ಟವರ ಹೊಣೆ ಏನು? ಒಬ್ಬ ಡಿಫೆಂಡರ್‌ನಿಂದ ಶುರುವಾದ ವಾದ ಮಂಡಳಿಯ ಬಾಗಿಲಿಗೆ ಬಂದು ನಿಂತದ್ದು ಹೀಗೆ.

ಎರಡನೆಯದು ಡುಕುರೆ ಪ್ರಕರಣ. ಬೆನಿಟೆಜ್ ನಂತರದ ಮ್ಯಾನೇಜರ್ ಫ್ರಾಂಕ್ ಲ್ಯಾಂಪಾರ್ಡ್ 2022ರ ಮೇ 19ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 0-2ರಿಂದ ಹಿಂದಿದ್ದ ತಂಡವನ್ನು 3-2ಕ್ಕೆ ಗೆಲ್ಲಿಸಿ ಕ್ಲಬ್ಬನ್ನು ಉಳಿಸಿದ್ದರು. ಮುಂದಿನ ಋತುವಿನಲ್ಲಿ ಅವರ ಯೋಜನೆಯಲ್ಲಿ ಡುಕುರೆಗೆ ಜಾಗ ಕಡಿಮೆಯಾಯಿತು. 2023ರ ಜನವರಿ ಕೊನೆಯಲ್ಲಿ ಲ್ಯಾಂಪಾರ್ಡ್ ಜಾಗಕ್ಕೆ ಬಂದ ಶಾನ್ ಡೈಚ್ ತಮ್ಮ ಮೊದಲ ಪಂದ್ಯದಲ್ಲೇ ಡುಕುರೆಯನ್ನು ಕಣಕ್ಕಿಳಿಸಿದರು, ಎವರ್ಟನ್ ಆರ್ಸೆನಲ್ಲನ್ನು 1-0ರಿಂದ ಸೋಲಿಸಿತು. ಏಪ್ರಿಲ್ 3ರಂದು ಟಾಟನ್‌ಹ್ಯಾಮ್ ವಿರುದ್ಧ ಹ್ಯಾರಿ ಕೇನ್ ಮುಖಕ್ಕೆ ಕೈಯಿಟ್ಟು ರೆಡ್ ಕಾರ್ಡ್ ಪಡೆದ ಡುಕುರೆ ಮೂರು ಪಂದ್ಯ ಹೊರಗುಳಿದರು. ಆ ಮೂರರಲ್ಲಿ ತಂಡಕ್ಕೆ ಸಿಕ್ಕಿದ್ದು ಒಂದೇ ಅಂಕ. ಮೇ 8ರಂದು ಬ್ರೈಟನ್ ನೆಲದಲ್ಲಿ 5-1ರ ಗೆಲುವಿನಲ್ಲಿ ಅವರದೇ ಎರಡು ಗೋಲು. ಒಬ್ಬನೇ ಆಟಗಾರ ಬೇಡವಾದವ, ಬೇಕಾದವ, ತಪ್ಪಿತಸ್ಥ, ರಕ್ಷಕ ಈ ನಾಲ್ಕೂ ಆಗಿ ಒಂದೇ ಋತುವಿನಲ್ಲಿ ಬದಲಾದ. ಈ ಪ್ರಕರಣದಲ್ಲಿ ಅಭಿಮಾನಿಗಳ ವಾದ ನಿಜಕ್ಕೂ ಆಯ್ಕೆಯ ವಾದವೇ ಆಗಿತ್ತು, ಏಕೆಂದರೆ ಆಟಗಾರ ಕ್ಲಬ್ಬಿನಲ್ಲೇ ಇದ್ದರು, ತೀರ್ಮಾನ ಮ್ಯಾನೇಜರ್ ಕೈಯಲ್ಲಿತ್ತು.

ಮೂರನೆಯದು ಸ್ಟ್ರೈಕರ್ ಪ್ರಶ್ನೆ. ರಿಚಾರ್ಲಿಸನ್ 2022ರ ಬೇಸಿಗೆಯಲ್ಲಿ ಟಾಟನ್‌ಹ್ಯಾಮ್‌ಗೆ ಮಾರಾಟವಾದರು. ಡೊಮಿನಿಕ್ ಕ್ಯಾಲ್ವರ್ಟ್-ಲೆವಿನ್ ಗಾಯದಿಂದ ಗಾಯಕ್ಕೆ ನರಳುತ್ತ ಇಡೀ ಲೀಗ್ ಋತುವಿನಲ್ಲಿ ಹೊಡೆದದ್ದು ಎರಡು ಗೋಲು. ಬ್ರೈಟನ್‌ನಿಂದ ಕೊಂಡುತಂದ ನೀಲ್ ಮೋಪೆ ಹೊಡೆದದ್ದು ಒಂದು. ಸಂಡರ್‌ಲ್ಯಾಂಡ್‌ಗೆ ಎರವಲು ಹೋಗಿದ್ದ, ಎವರ್ಟನ್ ಅಕಾಡೆಮಿಯಲ್ಲೇ ಬೆಳೆದ ಎಲಿಸ್ ಸಿಮ್ಸ್‌ರನ್ನು ಹಿಂದಕ್ಕೆ ಕರೆಸಲಾಯಿತು. ಅವರು ಚೆಲ್ಸಿ ಮೈದಾನದಲ್ಲಿ ಕೊನೆಗಳಿಗೆಯಲ್ಲಿ ಸಮಬಲದ ಗೋಲು ಹೊಡೆದಾಗ ‘ನಮ್ಮ ಹುಡುಗನಿಗೆ ಅವಕಾಶ ಕೊಡಿ’ ಎಂಬ ಬಗೆಯ ವಾದಕ್ಕೆ ಬಲ ಬಂತು. ಮೋಪೆ ಆಡಬೇಕೇ, ಸಿಮ್ಸ್ ಆಡಬೇಕೇ ಎಂದು ಎಷ್ಟು ಜಗಳವಾಡಿದರೂ ಅದು ಎಳ್ಳು ಹಾಕದ ಗಾಣದಿಂದ ಎಣ್ಣೆ ಬಯಸಿದಂತೆಯೇ ಆಗಿತ್ತು. 38 ಪಂದ್ಯಗಳಲ್ಲಿ ತಂಡ ಒಟ್ಟು ಗಳಿಸಿದ್ದು 34 ಗೋಲು. 2023ರ ಜನವರಿಯಲ್ಲಿ ಆಂಟನಿ ಗಾರ್ಡನ್ ನ್ಯೂಕಾಸಲ್‌ಗೆ ಹೋದರು, ಕ್ಲಬ್ ಒಬ್ಬ ಆಟಗಾರನನ್ನೂ ಕೊಳ್ಳಲಿಲ್ಲ. ಬೋರ್ನ್‌ಮತ್ ವಿರುದ್ಧದ ಆ ಕೊನೆಯ ಪಂದ್ಯದ ಪಟ್ಟಿ ಇದಕ್ಕೆ ಸಾಕ್ಷಿ: ಬಲ ಅಂಚಿನಲ್ಲಿ ಮಿಡ್‌ಫೀಲ್ಡರ್ ಜೇಮ್ಸ್ ಗಾರ್ನರ್, ಎಡ ಅಂಚಿನಲ್ಲಿ ವಿಂಗರ್ ಡ್ವೈಟ್ ಮೆಕ್‌ನೀಲ್, ಮುಂಚೂಣಿಯಲ್ಲಿ ಇನ್ನೊಬ್ಬ ವಿಂಗರ್ ಡಿಮರೈ ಗ್ರೇ. ಅಭ್ಯಾಸವಿರುವ ಅಂಚಿನ ಡಿಫೆಂಡರ್‌ಗಳಿಲ್ಲ, ವೃತ್ತಿ ಸ್ಟ್ರೈಕರ್ ಇಲ್ಲ. ಈ ಪಟ್ಟಿ ಬಹುಮಟ್ಟಿಗೆ ಗಾಯಗಳಿಂದ ಮತ್ತು ಆಟಗಾರರ ಮಾರುಕಟ್ಟೆಯಲ್ಲಿನ ತೀರ್ಮಾನಗಳಿಂದ ಮೊದಲೇ ಸಿದ್ಧವಾಗಿತ್ತು, ಡೈಚ್ ಅದಕ್ಕೆ ಒಂದು ಆಕಾರ ಕೊಟ್ಟರು ಅಷ್ಟೇ.

ಆಯ್ಕೆಯಿಂದ ಆಡಳಿತಕ್ಕೆ

ಈ ಮೂರು ಪ್ರಕರಣಗಳನ್ನು ಜೋಡಿಸಿ ನೋಡಿದರೆ ಒಂದು ಚಲನೆ ಕಾಣುತ್ತದೆ. ಮ್ಯಾನೇಜರ್ ಬದಲಾದರೂ ಪಟ್ಟಿ ಸುಧಾರಿಸದಿದ್ದಾಗ, ತಪ್ಪು ಪಟ್ಟಿ ಬರೆಯುವವನದಲ್ಲ, ಹೆಸರುಗಳನ್ನು ಒದಗಿಸುವವರದು ಎಂಬ ತಿಳಿವಳಿಕೆ ಮೂಡುತ್ತದೆ. 2023ರ ಜನವರಿ 14ರಂದು ಸೌತಾಂಪ್ಟನ್ ವಿರುದ್ಧದ ಪಂದ್ಯಕ್ಕೆ ಭದ್ರತೆಯ ಕಾರಣ ಕೊಟ್ಟು ನಿರ್ದೇಶಕರು ಮೈದಾನಕ್ಕೇ ಬರಲಿಲ್ಲ. ಪಂದ್ಯ ಮುಗಿದ ಮೇಲೆ ಪ್ರೇಕ್ಷಕರು ಆಸನ ಬಿಟ್ಟೇಳದೆ ಮಂಡಳಿಯ ರಾಜೀನಾಮೆಗೆ ಒತ್ತಾಯಿಸಿದರು. ಆ ಜೂನ್‌ನಲ್ಲಿ ಮೂವರು ನಿರ್ದೇಶಕರು ಹುದ್ದೆ ತೊರೆದರು.

ಹಾಗೆಂದು ಪ್ರತಿಭಟನೆ ತಂಡಕ್ಕೆ ಮುಳುವಾಗದಂತೆಯೂ ಇದೇ ಜನ ಎಚ್ಚರ ವಹಿಸಿದರು. 2022ರ ವಸಂತದಲ್ಲಿ ಆಟಗಾರರ ಬಸ್ಸನ್ನು ಎದುರುಗೊಳ್ಳಲು ಸಾವಿರಾರು ಜನ ನೀಲಿ ಹೊಗೆ ಹಾರಿಸಿ ಗುಡಿಸನ್ ರಸ್ತೆಯಲ್ಲಿ ನಿಲ್ಲುತ್ತಿದ್ದರು. ವಾರವಿಡೀ ಪಟ್ಟಿಯ ಮೇಲೆ ಜಗಳ, ಪಂದ್ಯದ ದಿನ ಅದೇ ಪಟ್ಟಿಗೆ ಜೈಕಾರ. ಹರ್ಷ್‌ಮನ್ ಹೇಳಿದ ದನಿ ಮತ್ತು ನಿಷ್ಠೆ ಇಲ್ಲಿ ಕಾಲ ಹಂಚಿಕೊಂಡು ಕೆಲಸ ಮಾಡಿವೆ.

2023ರ ನವೆಂಬರ್‌ನಲ್ಲಿ ವಾದಕ್ಕೆ ಮತ್ತೊಂದು ತಿರುವು ಸಿಕ್ಕಿತು. ಕ್ಲಬ್ಬಿನ ನಷ್ಟ ಅನುಮತಿಯಿದ್ದ 105 ಮಿಲಿಯನ್ ಪೌಂಡ್ ಮಿತಿಯನ್ನು 19.5 ಮಿಲಿಯನ್‌ನಷ್ಟು ಮೀರಿತ್ತೆಂದು ಸ್ವತಂತ್ರ ಆಯೋಗ 10 ಅಂಕ ಕಡಿತಗೊಳಿಸಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, 2024ರ ಏಪ್ರಿಲ್‌ನಲ್ಲಿ ಇನ್ನೊಂದು ಉಲ್ಲಂಘನೆಗೆ 2 ಅಂಕ ಹೋಯಿತು. ಸ್ಟ್ರೈಕರ್ ಏಕಿಲ್ಲ ಎಂದು ಕೇಳುತ್ತಿದ್ದ ಅಭಿಮಾನಿಗೆ ಉತ್ತರದ ಒಂದು ಭಾಗ ಲೆಕ್ಕಪತ್ರದಲ್ಲಿ ಸಿಕ್ಕಿತು. ಆಗ ಗುಡಿಸನ್ ಪಾರ್ಕಿನಲ್ಲಿ ಎತ್ತಿ ಹಿಡಿದ ಪ್ರತಿಭಟನೆಯ ಕಾರ್ಡುಗಳ ಗುರಿ ಪ್ರೀಮಿಯರ್ ಲೀಗ್ ಸಂಸ್ಥೆಯೇ ಆಗಿತ್ತು.

ಉಪಸಂಹಾರ

ಆಯ್ಕೆಯ ವಾದಕ್ಕೆ ಮಿತಿಗಳಿವೆ. ಗಾಯದ ವಿವರ, ಅಭ್ಯಾಸದ ನಡತೆ, ಎದುರಾಳಿಯ ತಂತ್ರ ಇವು ಹೊರಗಿನವರಿಗೆ ಪೂರ್ತಿ ಸಿಗುವುದಿಲ್ಲ. ಫಲಿತಾಂಶ ಬಂದ ಮೇಲೆ ‘ಆಗಲೇ ಹೇಳಿದ್ದೆವು’ ಎನ್ನುವ ಚಾಳಿ ಅಭಿಮಾನಿಗಳಲ್ಲೂ ಇದೆ. ಒಬ್ಬ ಆಟಗಾರನನ್ನೇ ಗುರಿಮಾಡಿ ಹೀಯಾಳಿಸುವ ಕ್ರೌರ್ಯವೂ ಈ ವಾದದ ಹೆಸರಿನಲ್ಲೇ ನಡೆಯುತ್ತದೆ.

ಆದರೂ ಎವರ್ಟನ್ ಪ್ರಕರಣದಿಂದ ಒಂದು ತೀರ್ಮಾನಕ್ಕೆ ಬರಬಹುದು. ಆಯ್ಕೆಯ ಚರ್ಚೆ ಎರಡು ಬಗೆಯದು. ತಂಡದಲ್ಲಿ ಇರುವವರ ನಡುವೆ ಯಾರು ಎಂಬುದು ಒಂದು, ಡುಕುರೆ ಅದಕ್ಕೆ ನಿದರ್ಶನ. ಇರಬೇಕಾದವರು ಏಕಿಲ್ಲ ಎಂಬುದು ಇನ್ನೊಂದು, ಸ್ಟ್ರೈಕರ್ ಕೊರತೆ ಅದಕ್ಕೆ ನಿದರ್ಶನ. ಮೊದಲನೆಯದಕ್ಕೆ ಮ್ಯಾನೇಜರ್ ಉತ್ತರಿಸಬೇಕು, ಎರಡನೆಯದಕ್ಕೆ ಮಾಲೀಕರು ಉತ್ತರಿಸಬೇಕು. ಇವೆರಡನ್ನೂ ಬೆರೆಸಿದಷ್ಟು ಕಾಲ ಮ್ಯಾನೇಜರ್‌ಗಳು ಬದಲಾಗುತ್ತಲೇ ಇರುತ್ತಾರೆ, ತಂಡ ತಳದಲ್ಲೇ ಇರುತ್ತದೆ. ಬಿಡಿಸಿ ನೋಡುವುದನ್ನು ಎವರ್ಟನ್ ಅಭಿಮಾನಿಗಳು ಕಲಿತದ್ದು ಹನ್ನೊಂದು ಹೆಸರುಗಳ ಮೇಲೆ ಜಗಳವಾಡಿಯೇ. ಕ್ರೀಡಾ ಸಂಸ್ಥೆಗಳ ಆಡಳಿತವನ್ನು ಅಧ್ಯಯನ ಮಾಡುವವರು ಅಂಕಪಟ್ಟಿ ಮತ್ತು ಲೆಕ್ಕಪತ್ರಗಳ ಜೊತೆಗೆ ಈ ಜಗಳವನ್ನೂ ಆಕರವಾಗಿ ಪರಿಗಣಿಸಬೇಕು.