ಕಸ ತಿನ್ನೋ ಮೀನಲ್ಲ ಕಣ್ರೀ

ನಮ್ಮ ರಾಜಾಜಿನಗರದ ಮನೆಗೆ ಬಂದೋರೆಲ್ಲ ಫಿಶ್ ಟ್ಯಾಂಕ್ ನೋಡಿ, "ಏನ್ರೀ, ಮೀನೆಲ್ಲ ತಳದಲ್ಲೇ ಮರಳು ಕೆದಕ್ತಾ ಕೂತಿದಾವೆ?" ಅಂತಾರೆ. ಅವು ಕೋರಿಡೋರಸ್. ಎರಡೂವರೆ ಇಂಚು ಉದ್ದ, ಬಾಯಿ ಹತ್ರ ಮೀಸೆ, ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ಜೊತೆಗಿರೋದು ಕೆಂಪು ಚೆರ್ರಿ ಸೀಗಡಿ. ಮಗ ತಂದಿಟ್ಟು ಹೊರಗೆ ಓದೋಕೆ ಹೋದ, ಈಗ ಅವು ನನ್ನ ಪಾಲು.

ನಾನು ಹೈಸ್ಕೂಲಿನಲ್ಲಿದ್ದಾಗ, 1983ರಲ್ಲಿ, ಕಬ್ಬನ್ ಪಾರ್ಕಿನ ಮತ್ಸ್ಯಾಲಯ ಶುರುವಾಯ್ತು. ಮೀನು ನೋಡೋಕೆ ಅಲ್ಲಿಗೇ ಹೋಗ್ಬೇಕಿತ್ತು. ಮನೆಯೊಳಗೆ ಗಾಜಿನ ತೊಟ್ಟಿ ಇಡೋ ಪದ್ಧತಿಗೆ ದಾರಿ ತೋರಿಸಿದೋರಲ್ಲಿ ಒಬ್ಬರು ಲಂಡನ್ನಿನ ರಾಬರ್ಟ್ ವಾರಿಂಗ್ಟನ್. ಗೋಲ್ಡ್ ಫಿಶ್ ಜೊತೆ ನೀರಿನ ಗಿಡ ಹಾಕಿದರು. ಎಲೆ ಕೊಳೆತು ನೀರು ಕೆಟ್ಟಿತು. ಬಸವನಹುಳು ಬಿಟ್ಟ ಮೇಲೆ ಅವು ಕೊಳೆತದ್ದು ತಿಂದು ನೀರು ತಿಳಿಯಾಯ್ತು. 1850ರಲ್ಲಿ ಇದನ್ನ ಬರೆದು ತಿಳಿಸಿದರು. ಅಂದ್ರೆ ಮೊದಲಿನಿಂದಲೂ ತೊಟ್ಟಿ ನಡೆದದ್ದು ಕೆಳಗೆ ಚೊಕ್ಕಟ ಮಾಡೋ ಜೀವದಿಂದ.

ನಮ್ಮ ಚುಕ್ಕೆ ಮೀನು ದಕ್ಷಿಣ ಅಮೆರಿಕಾದ್ದು. ಡಾರ್ವಿನ್ ಬೀಗಲ್ ಹಡಗಿನ ಯಾತ್ರೆಯಲ್ಲಿ ಹಿಡಿದು ತಂದ ಮೀನುಗಳಲ್ಲಿ ಇದೂ ಇತ್ತು. ಜೆನಿನ್ಸ್ ಅನ್ನೋರು 1842ರಲ್ಲಿ ಅದಕ್ಕೆ ಹೆಸರಿಟ್ಟರು. 1878ರಲ್ಲಿ ಪ್ಯಾರಿಸ್ಸಿನ ಪಿಯರ್ ಕಾರ್ಬೊನಿಯೇ ತೊಟ್ಟಿಯಲ್ಲೇ ಇದರ ಮರಿ ಮಾಡಿಸಿದರು.

ನಮ್ಮನೇಲಿ ಮೊಟ್ಟೆ ಇಟ್ಟದ್ದು ಒಂದು ಮೇ ತಿಂಗಳ ಜೋರು ಮಳೆ ಮಾರನೇ ದಿನ. ಅವತ್ತು ಮೂರನೇ ಒಂದು ಪಾಲು ನೀರು ತೆಗೆದು ತಣ್ಣೀರು ತುಂಬಿಸಿದ್ದೆ. ಮಳೆಗಾಲ ಬಂತು ಅಂದ್ಕೊಂಡವೋ ಏನೋ! ಹೆಣ್ಣು ಕೆಳಗಿನ ಎರಡು ರೆಕ್ಕೆ ಜೋಡಿಸಿ, ಸೆರಗಲ್ಲಿ ಕಟ್ಟಿಕೊಂಡ ಹಾಗೆ ಎರಡು ಮೂರು ಮೊಟ್ಟೆ ಹೊತ್ತು ಗಾಜಿಗೆ ಅಂಟಿಸ್ತಿತ್ತು. ಬಿಟ್ಟರೆ ಅವೇ ತಿಂದುಬಿಡ್ತಾವೆ. ಬೆರಳಲ್ಲಿ ಮೆತ್ತಗೆ ಬಿಡಿಸಿ ಬೇರೆ ಡಬ್ಬಿಗೆ ಹಾಕಿ, ಜೊತೆಗೆ ಎರಡು ಸೀಗಡಿ ಬಿಟ್ಟೆ. ಬೂಷ್ಟು ಹಿಡಿದ ಮೊಟ್ಟೆ ಆರಿಸಿ ತಿಂದವು. ಒಳ್ಳೇದರ ತಂಟೆಗೆ ಹೋಗಿದ್ದು ನಾನು ಕಾಣಲಿಲ್ಲ. ಐದನೇ ದಿನ ಮರಿ, ಬಾಲ ಅಲ್ಲಾಡಿಸೋ ಜೀರಿಗೆ ಕಾಳಿನಂಗೆ!

ಆ ಸೀಗಡಿಗಳಿಗೆ ನಾನು ಮಾಡಿದ ತಪ್ಪೂ ಹೇಳ್ಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ರಾತ್ರಿಯೆಲ್ಲ ತುಂಬಿಡೋದು ಅಭ್ಯಾಸ. ಒಂದು ದಿನ ಬಕೆಟ್ ಸಾಲದೆ ನಮ್ಮತ್ತೆ ಕಾಲದ ತಾಮ್ರದ ಹಂಡೆಯಲ್ಲಿ ಇಟ್ಟೆ. ತಾಮ್ರದ ನೀರು ಒಳ್ಳೇದು ಅಂತ ಕೇಳ್ತಾನೇ ಬೆಳೆದೋಳಲ್ವೇ. ಮೀನು ಉಳಿದವು. ಸೀಗಡಿ ಒಂದೊಂದೇ ಮಗ್ಗುಲಾಗಿ ಬಿದ್ದವು. ಫೋನಲ್ಲಿ ಮಗ, "ಅಮ್ಮಾ, ಹಂಡೇಲಿ ಇಟ್ಟಿದ್ಯಾ?" ಅಂದಾಗಲೇ ತಿಳಿದಿದ್ದು, ತಾಮ್ರ ಚೂರು ಬೆರೆತರೂ ಸೀಗಡಿಗೆ ವಿಷ. ಪಾಚಿ ಕೆಳಗೆ ಬಚ್ಚಿಟ್ಟುಕೊಂಡಿದ್ದ ಏಳು ಉಳಿದಿದ್ದವು. ಈಗಿನ ಸಂಸಾರವೆಲ್ಲ ಆ ಏಳರದ್ದು.

ಇನ್ನೊಂದು ಮಾತು. "ಇದಕ್ಕೇನೂ ಹಾಕ್ಬೇಡಿ, ಮಿಕ್ಕಿದ್ದು ತಿನ್ನುತ್ತೆ" ಅಂತ ಹೇಳಿ ಕೋರಿಡೋರಸ್ ಮಾರ್ತಾರೆ. ಮೇಲಿನ ಮೀನು ಎಲ್ಲ ಮುಗಿಸಿದ ಮೇಲೆ ಕೆಳಗೆ ಏನ್ರೀ ಉಳಿಯುತ್ತೆ? ಅವು ಸೊರಗಿ ಹೋಗ್ತಾವೆ, ಕೆಳಗೇ ಇರೋದ್ರಿಂದ ಯಾರ ಕಣ್ಣಿಗೂ ಬೀಳಲ್ಲ. ಎಲ್ಲರಿಗೂ ಬಡಿಸಿ ಕೊನೇಲಿ ಪಾತ್ರೆ ಕೆರೆದು ಉಂಡೋರು ನಾವು, ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಅದಕ್ಕೇ ರಾತ್ರಿ ದೀಪ ಆರಿಸಿದ ಮೇಲೆ ಮುಳುಗೋ ಕಾಳು ಅವಕ್ಕೇ ಅಂತ ಹಾಕ್ತೀನಿ.

ಮರಿ ಬೇಕಾದೋರು ಡಬ್ಬಿ ತನ್ನಿ. ಆರಾದರೂ ತಗೊಂಡು ಹೋಗಿ, ಒಂಟಿಯಾಗಿ ಇಡಬೇಡಿ. ಸಾಕಾಯ್ತು ಅನ್ನಿಸಿದರೆ ಕೆರೆಗೆ ಮಾತ್ರ ಬಿಡಬೇಡಿ, ನನಗೇ ವಾಪಸ್ ಕೊಡಿ.