ಮಾರುತಿ 800: ಹಳೇ ಗಾಡಿ ಯಾಕೆ ಉಳಿಸಬೇಕು

ಈ ಸಲ ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ನಮ್ಮ ಮನೆಯ 1998ರ ಮಾರುತಿ 800 ರಿಪೇರಿ ಮಾಡಿಸಿದ ಮೇಲೆ "ಈ ಡಬ್ಬಕ್ಕೆ ಯಾಕೆ ದುಡ್ಡು ಹಾಕಿದ್ರಿ" ಅಂತ ಸುಮಾರು ಜನ ಕೇಳಿದ್ರು. ಉತ್ತರ ಆ ಗಾಡಿಯ ಚರಿತ್ರೆಯಲ್ಲೇ ಇದೆ.

ಮೊದಲು ಕಾರು ಅಂದ್ರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲಾಂದ್ರೆ ಪ್ರೀಮಿಯರ್ ಪದ್ಮಿನಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕೇಂದ್ರ ಸರ್ಕಾರ 1981ರಲ್ಲಿ ಮಾರುತಿ ಉದ್ಯೋಗ್ ಕಂಪನಿ ಕಟ್ಟಿ, 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಅವರೇನು ದೊಡ್ಡ ಸಾಹುಕಾರರಲ್ಲ, ಇಂಡಿಯನ್ ಏರ್‌ಲೈನ್ಸ್ ನೌಕರರು. ಬೆಲೆ ಸುಮಾರು 47,500 ರೂಪಾಯಿ. ಸಂಬಳದವರ ಮನೆ ಮುಂದೆಯೂ ಕಾರು ನಿಲ್ಲಬಹುದು ಅನ್ನೋದು ಅಲ್ಲಿಂದ ಶುರುವಾಯ್ತು. ಆಮೇಲೆ ಸೆಕೆಂಡ್ ಹ್ಯಾಂಡ್ ಆಗಿ ನಮ್ಮಂಥ ರೈತರ ಅಂಗಳಕ್ಕೂ ಬಂತು.

ಇಂಜಿನ್ 796 ಸಿಸಿ, ಮೂರು ಸಿಲಿಂಡರ್. 1986ರಲ್ಲಿ ಬಾಡಿ ಬದಲಾಯ್ತು, ನಾವು ಈಗ ನೋಡೋದು ಆ ಆಕಾರವನ್ನೇ. ತೂಕ ಸುಮಾರು 650 ಕಿಲೋ. ಅಂಬಾಸಿಡರ್ ಸಾವಿರ ಕಿಲೋ ದಾಟುತ್ತೆ. ಇಂಜಿನ್ ಇರೋದು ಮುಂದೆ, ಎಳೆಯೋದೂ ಮುಂದಿನ ಚಕ್ರ. ಎಳೆಯೋ ಚಕ್ರದ ಮೇಲೇ ಇಂಜಿನ್ ಭಾರ ಕೂರೋದ್ರಿಂದ ಮಳೆಗಾಲದ ಕೆಸರಲ್ಲಿ ಹಿಡಿತ ಸಿಗುತ್ತೆ. ಹೂತುಕೊಂಡ್ರೂ ನಾಲ್ಕು ಜನ ಸೇರಿ ದೂಡಿದ್ರೆ ಆಯ್ತು.

ನಮ್ಮ ಕ್ಯಾಸನೂರಿನ ಹೆಸರು ಜಗತ್ತಿಗೆ ಗೊತ್ತಾಗಿದ್ದು 1957ರ ಮಂಗನ ಕಾಯಿಲೆಯಿಂದ. ಕಾಡಂಚಿನ ನಮಗೆ ಆಸ್ಪತ್ರೆ ದಾರಿಯ ಬೆಲೆ ಚೆನ್ನಾಗಿ ಗೊತ್ತು. ಒಂದು ಮನೆಗೆ ಕಾರು ಬಂದ್ರೆ ಅದು ಅರ್ಧ ಊರಿನ ಕಾರು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಜ್ವರದಲ್ಲಿ ಮಲಗಿದವರು ಎಲ್ಲಾ ಅದರಲ್ಲೇ ಸೊರಬಕ್ಕೋ ಶಿಕಾರಿಪುರಕ್ಕೋ ಹೋಗಬೇಕು.

2010ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದು ಬೆಂಗಳೂರು ಸೇರಿ 13 ನಗರಗಳಲ್ಲಿ ಇದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾಗಿದ್ವು. ಅದಕ್ಕೇ ಇವತ್ತಿಗೂ ಬಿಡಿಭಾಗ ಸಿಗುತ್ತೆ, ಮೆಕ್ಯಾನಿಕ್‌ಗಳಿಗೆ ಕೈ ಪಳಗಿದೆ. ತುಕ್ಕು ಹಿಡಿದಿದ್ದ ಹರ್‌ಪಾಲ್ ಸಿಂಗ್ ಅವರ ಕಾರನ್ನೂ ಕಂಪನಿ ದುರಸ್ತಿ ಮಾಡಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿದೆ.

ನಮ್ಮದಕ್ಕೆ ಮಾಡಿಸಿದ್ದು ಇಷ್ಟು: ತುಕ್ಕು ತಿಂದ ತಳಕ್ಕೆ ತಗಡು ವೆಲ್ಡಿಂಗ್, ಕಾರ್ಬುರೇಟರ್ ಕ್ಲೀನಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಬ್ರೇಕ್, ಹೊಸ ವೈರಿಂಗ್. ಹೆಚ್ಚುವರಿ ಅಂದ್ರೆ ರೆಕ್ಸಿನ್ ಸೀಟು, ಮಡ್ ಫ್ಲಾಪ್, ಒಂದು ಪಾಟೆ ಸಿಸ್ಟಂ. ಬಣ್ಣ ಅದೇ ಬಿಳಿ. ಅಗಲ ಟೈರು ಹಾಕಿದ್ರೆ ಪವರ್ ಸ್ಟೀರಿಂಗ್ ಇಲ್ಲದ ಗಾಡಿ ತಿರುಗಿಸೋಕೆ ಭಾರ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆ ಮನಸ್ಸಿಗೆ ಬಂದಂಗೆ ಬದಲಾಯಿಸೋ ಹಾಗಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬಣ್ಣ ಬದಲಾಯಿಸಿದ್ರೂ ಆರ್‌ಸಿಯಲ್ಲಿ ನಮೂದಾಗಬೇಕು. 15 ವರ್ಷ ದಾಟಿದ ಮೇಲೆ ಪ್ರತಿ 5 ವರ್ಷಕ್ಕೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು.

ನಿಮ್ಮ ಕೊಟ್ಟಿಗೆ ಪಕ್ಕ 800 ನಿಂತಿದ್ರೆ ಗುಜರಿಗೆ ಹಾಕೋ ಮುಂಚೆ ಮ್ಯಾಟ್ ಎತ್ತಿ ತಳ ನೋಡಿ. ಇಂಜಿನ್ ಸರಿ ಮಾಡಬಹುದು. ತಳ ಪೂರ್ತಿ ಹೋಗಿದ್ರೆ ಮಾತ್ರ ಆಸೆ ಬಿಡಿ. ತಳ ಗಟ್ಟಿ ಇದ್ರೆ ಆ ಗಾಡಿಗೆ ಇನ್ನೂ ಆಯಸ್ಸಿದೆ.